ತೆಂಗಿನ ನಾರು ಗೆದ್ದ ಒಂದೇ ದಿನ

ವಿಜ್ಞಾನ ಕಾಲೇಜಿನ ಅರ್ಜಿಯ ಜೊತೆಗೆ ಮಗಳು ತಾನೇ ಮಾಡಿದ ಪ್ರಯೋಗದ ವರದಿಯನ್ನೂ ಅಳತೆ ಬರೆದಿಟ್ಟ ಪುಟಗಳನ್ನೂ ಕಳಿಸಬೇಕಿತ್ತು. ಅವಳ ಪ್ರಯೋಗ ನಮ್ಮ ನಡುಮನೆಯ ಕಿಟಕಿಯಲ್ಲೇ ಇತ್ತು: ಕೂಲರ್. ನಾಗಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಯಾವುದು? ಅದರ ಮೂರು ಬದಿಗೆ ಕಟ್ಟಿ ನೀರು ಇಳಿಸುವ ಪರದೆಗೆ ಮರ ಹೆರೆದ ಎಳೆ ಒಳ್ಳೆಯದೋ, ಲಾವಂಚವೋ, ತೆಂಗಿನ ನಾರೋ ಎಂದು ಅವಳು ಇಡೀ ಮೇ ತಿಂಗಳು ಅಳೆದಳು. ಗಾಳಿ ಎಷ್ಟು ತಣ್ಣಗಾಯಿತೆಂದು ನೋಡಲು ಒಂದು ಥರ್ಮಾಮೀಟರ್ ಕೂಲರಿನ ಹಿಂದೆ, ಇನ್ನೊಂದು ಮುಂದೆ. ಅಡುಗೆಮನೆಯ ಗಡಿಯಾರವೂ ಅವಳ ಪಾಲಾಯಿತು.

ತೆಂಗಿನ ನಾರು ಗೆಲ್ಲಲಿ ಎಂದು ಅವಳ ಆಸೆ. ವರ್ಧಾ ರಸ್ತೆಯ ಎಳನೀರು ಗಾಡಿಯ ಹಿಂದಿನ ಸಿಪ್ಪೆ ರಾಶಿಯಿಂದ ಆರಿಸಿ ತಂದು, ನೆನೆಸಿ, ಬಡಿದು, ಒಣಗಿಸಿ, ಬೆರಳು ಕೆಂಪಾಗುವಷ್ಟು ನಾರು ಬಿಡಿಸಿದ್ದಳು. ಆದರೆ ಅದು ಪ್ರತಿ ಸಲವೂ ಕೊನೆಗೇ ನಿಂತಿತು, ಒಂದೇ ಒಂದು ದಿನ ಹೊರತು.

ಆ ಮಧ್ಯಾಹ್ನ ಅವಳು ಕೂಲರಿಗೆ ನಾರಿನ ಪರದೆ ಕಟ್ಟಿ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಥರ್ಮಾಮೀಟರನ್ನೇ ನೋಡುತ್ತ ಕೂತಿದ್ದಳು. ನೋಡಿ ಪಾಪ ಎನಿಸಿತು. ಅವಳು ಊಟಕ್ಕೆ ಎದ್ದಾಗ ಮಡಕೆಯ ತಣ್ಣೀರನ್ನೂ ಫ್ರಿಜ್ಜಿನಲ್ಲಿದ್ದ ಐಸನ್ನೂ ಕೂಲರಿಗೆ ಸುರಿದುಬಿಟ್ಟೆ. ಅವತ್ತು ತೆಂಗಿನ ನಾರು ಗೆದ್ದಿತು. ಸಂಜೆ ವಿಷಯ ತಿಳಿದಾಗ ಅವಳು ಕೂಗಾಡಲಿಲ್ಲ. ಆ ಪುಟದ ಕೆಳಗೆ ಪೆನ್ಸಿಲಿನಲ್ಲಿ ಬರೆದಳು: ಮಮ್ಮಿ ಐಸ್ ಹಾಕಿದಳು. ಇವತ್ತಿನ ಅಳತೆ ಲೆಕ್ಕಕ್ಕೆ ಹಿಡಿಯಬಾರದು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಒಂದು ಅಕ್ಷರ ಹೊಡೆದುಹಾಕಿದ್ದು ಕಂಡರೂ ಸಿಸ್ಟರ್ ಇಡೀ ಪುಟ ಮತ್ತೆ ಬರೆಸುತ್ತಿದ್ದರು. ಮಗಳ ಪುಸ್ತಕದಲ್ಲೋ ನೀರಿನ ಕಲೆ, ಚಹಾ ಲೋಟದ ಉಂಗುರ, ಅಡ್ಡಗೆರೆಗಳು. ಇಂಥದ್ದನ್ನು ಕಾಲೇಜಿಗೆ ತೋರಿಸುವುದೇ? ಅವಳಿಗೆ ಹೇಳದೆ ಎಲ್ಲವನ್ನೂ ಹೊಸ ಪುಸ್ತಕಕ್ಕೆ ಇಳಿಸಿದೆ. ಅಂಕಿ ಒಂದನ್ನೂ ಬದಲಿಸಲಿಲ್ಲ. ಪೆನ್ಸಿಲಿನ ಆ ಎರಡು ಸಾಲು ಮಾತ್ರ ಬಿಟ್ಟೆ. ಗಲೀಜು ಎಂದುಕೊಂಡೆ, ನಿಜ ಹೇಳಬೇಕೆಂದರೆ ಐಸ್ ಹಾಕಿದ್ದರ ನಾಚಿಕೆ.

ಅರ್ಜಿ ತಿದ್ದಿಕೊಡುವವರೊಬ್ಬರು ಮನೀಶ್ ನಗರದಲ್ಲಿದ್ದರು. ಹುಬ್ಬಳ್ಳಿ ಕಡೆಯವರು, ನಮ್ಮವರು ಎಂಬ ಅಭಿಮಾನದಿಂದಲೇ ಹೋದೆವು. ಚೀಲದಿಂದ ನಾನು ತೆಗೆದುಕೊಟ್ಟಿದ್ದು ನನ್ನ ಪ್ರತಿಯನ್ನು.

"ಏನ್ ಅಕ್ಷರಾರೀ ಅಕ್ಕಾರ, ಮುತ್ತು ಪೋಣಿಸಿದಂಗ!" ಎನ್ನುತ್ತ ಅವರು ತಿರುವಿದರು. ಆ ದಿನದ ಪುಟಕ್ಕೆ ಬಂದು ನಿಂತರು. "ಅರೇ, ಹೀರೋ ಇಲ್ಲೆ ಕುಂತಾನಲ್ರೀ! ನಾರು ಗೆದ್ದೈತಿ. ಬಾಕಿ ದಿನಾ ಬಿಟ್ಟುಬಿಡ್ರಿ. ಕಸದಾಗಿನ ಸಿಪ್ಪಿಯಿಂದ ಬಡವರ ಏಸಿ ಅಂತ ನಾ ಬರದುಕೊಡ್ತೀನಿ."

"ಅವತ್ತು ಗೆದ್ದಿದ್ದು ಐಸ್ ಸರ್, ನಾರಲ್ಲ," ಎಂದಳು ಮಗಳು.

"ಐಸ್ ಎಲ್ಲಿ ಬರದೈತಿ?"

ಅವಳು ಪುಟ ನೋಡಿದಳು, ಆಮೇಲೆ ನನ್ನನ್ನು. "ನಾ ಬರದಿದ್ದೆ. ನೀ ಬಿಟ್ಟೇನ್ ಮಮ್ಮಿ?"

"ಬರೋಬರ್ ಬಿಟ್ಟಾರ!" ಅವರು ನಕ್ಕರು. "ತಾಯಿಗೆ ತಿಳೀತೈತಿ. ಸೋತ ಪ್ರಾಜೆಕ್ಟ್ ಯಾರ್ ಓದ್ತಾರವ್ವಾ?"

ಆ ಹೊಗಳಿಕೆಗೆ ನನ್ನ ಕಿವಿ ಬಿಸಿಯಾಯಿತು. ನಾನು ಜೋರು ಮಾತಿನವಳಲ್ಲ. ಪುಸ್ತಕಕ್ಕೆ ಕೈ ಚಾಚಿದೆ.

"ಕೊಡ್ರಿ ಸರ್. ಐಸ್ ಹಾಕಿದಾಕಿ ನಾನು, ಮುಚ್ಚಿಟ್ಟಾಕಿನೂ ನಾನು. ಆಕಿ ಪುಸ್ತಕ ಮನ್ಯಾಗೈತಿ. ಚಹಾ ಚೆಲ್ಲೈತಿ, ಗೀಟು ಹೊಡದೈತಿ. ಅದೇ ಹೋಗ್ತೈತಿ."

"ಸೀಟು ಸಿಗಲಿಲ್ಲಂದ್ರ ನನ್ ಕಡೆ ಬರಬ್ಯಾಡ್ರಿ ಮತ್ತ."

"ಬರಂಗಿಲ್ರಿ," ಎಂದಳು ಮಗಳು. ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದಳು.

ಸಿಗ್ನಲ್ಲಿನ ಮೇಲೆ ನೆರಳಿಗೆಂದು ಕಟ್ಟಿದ್ದ ಹಸಿರು ಬಲೆಯ ಕೆಳಗೆ ಸ್ಕೂಟರ್ ನಿಂತಾಗ, ತಿರುಗದೆಯೇ ಹೇಳಿದಳು: "ನಿನ್ ಕಾಪಿ ಓದಿದ್ರ ನನಗೂ ನಾರು ಗೆದ್ದೈತಿ ಅನಸ್ತಿತ್ತು. ಅಷ್ಟು ಚಂದ ಬರದಿ." ಅದು ಮೆಚ್ಚುಗೆಯಲ್ಲ.

ಮನೆಯಲ್ಲಿ ಕಲೆಬಿದ್ದ ಪುಟಗಳನ್ನೆಲ್ಲ ಅವಳೇ ಫೋಟೋ ತೆಗೆದಳು. ಒಂದು ಪುಟದ ಮಡಿಚಿದ ಮೂಲೆ ಸರಿಮಾಡಲು ಹೋದ ನನ್ನ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ವರದಿಯ ಹೆಸರು ಕೇಳಿದ ಜಾಗದಲ್ಲಿ ಅವಳು, ತೆಂಗಿನ ನಾರು ಏಕೆ ಸೋತಿತು ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಆಫೀಸಿನಿಂದ ಬಂದ ನನ್ನ ಗಂಡ ಅವಳ ಹೆಗಲ ಮೇಲಿಂದ ಬಗ್ಗಿ ಓದಿದರು.

"ಸೋತದ್ದನ್ನ ಯಾರರೇ ಕಳಸ್ತಾರೇನು?"

"ನಾವು ಕಳಸ್ತೀವಿ," ಎಂದೆ.

"ನಾವಲ್ಲ, ನಾನು," ಎಂದು ಮಗಳು ತಿದ್ದಿ, ಅರ್ಜಿ ಕಳಿಸುವ ಗುಂಡಿ ಒತ್ತಿದಳು.