ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಮಂಗಳ ಗ್ರಹ

ಪತ್ರಿಕೆಯ ಕಟ್ಟು ತೆರಕಣಾಂಬಿಯ ತಿರುವಿನಲ್ಲಿ ಬಸ್ಸಿನ ಟಾಪಿನಿಂದ ಜಾರಿ ಬೀಳಬಹುದಿತ್ತು. ಬೀಳದಿದ್ದರೆ ಸೋನೆ ಮಳೆಗೆ ನೆಂದು ಹಿಟ್ಟಾಗಬಹುದಿತ್ತು. ನೆನೆಯದಿದ್ದರೆ ಚೆಕ್‌ಪೋಸ್ಟಿನಲ್ಲಿ ಪೊಲೀಸರು ನನ್ನನ್ನು ಕೆಳಗಿಳಿಸಿ, ರಾಕೆಟ್ಟು, ಇಂಧನ, ಸ್ಫೋಟ ಎಂದೆಲ್ಲ ಬರೆದಿದ್ದೀಯಲ್ಲ, ನೀನು ಯಾರ ಕಡೆಯವನು ಎಂದು ಕೇಳಬಹುದಿತ್ತು. ಕಾಡುಗಳ್ಳನ ಹುಡುಕಾಟದಲ್ಲಿ, ಕಾಡಿನ ಕಡೆಯಿಂದ ಬಂದ ಹುಲ್ಲಿನ ಹೊರೆಯನ್ನೂ ಬಿಚ್ಚಿ ನೋಡುತ್ತಿದ್ದ ಕಾಲ ಅದು. ಕಚೇರಿಯಲ್ಲಿ ಸಾಹೇಬರ ಕೈಗೆ ಒಂದು ಪ್ರತಿ ಸಿಕ್ಕಿ, ಫೈಲು ಮುಂದಕ್ಕೆ ಹೋಗದ ಕಾರಣ ಅವರಿಗೆ ತಿಳಿದುಹೋಗಬಹುದಿತ್ತು. ಕುಜದೋಷದ ಮೇಲೆ ಸಂಸಾರ ನಡೆಸುವ ಜೋಯಿಸರು ಮಂಗಳನ ಬಗ್ಗೆ ಹಗುರವಾಗಿ ಬರೆದಿದ್ದೇನೆಂದು ಮನೆಗೇ ಬರಬಹುದಿತ್ತು. ಗುರುತ್ವಾಕರ್ಷಣೆಯ ಲೆಕ್ಕ ತಪ್ಪಿದೆಯೆಂದು ನನ್ನ ಹಳೆಯ ವಿಜ್ಞಾನದ ಮೇಷ್ಟ್ರು ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕಿವಿ ಹಿಂಡಬಹುದಿತ್ತು. ಮೀಸೆ ಬಂದು ಕೆಲಸ ಸಿಕ್ಕಿದ್ದರೂ ಕಿವಿಯ ಭಯ ಇನ್ನೂ ಹೋಗಿರಲಿಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ. ಮುಂಚಿತವಾಗಿ ಚಿಂತೆ ಮಾಡಿದ್ದರಿಂದಲೇ ಆಗಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ. ಹೆಂಡತಿ ನಂಬುವುದಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಗುಂಡ್ಲುಪೇಟೆಗಳೆರಡನ್ನೂ ಸೇರಿಸಿದರೆ ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದವರು ಇಬ್ಬರಿದ್ದೆವು: ಈ ಕಡೆ ಗುಮಾಸ್ತನಾಗಿದ್ದ ನಾನು, ಆ ಕಡೆ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ. ಇಬ್ಬರೂ ಸೇರಿ ಪತ್ರಿಕೆಯೊಂದನ್ನು ಶುರು ಮಾಡಿದೆವು. ಮೊದಮೊದಲು ಅದು ಕೈಬರಹದ ಒಂದೇ ಪ್ರತಿ. ಮನೆಯಿಂದ ಮನೆಗೆ ಹೋಗಿ, ಪ್ರತಿ ಮನೆಯ ಸಾರಿನ ಗುರುತು ಹೊತ್ತು ವಾಪಸು ಬರುತ್ತಿತ್ತು. ಅಚ್ಚಿನ ಆಸೆ ಹತ್ತಿದ್ದು ಆಮೇಲೆ. ಗೆಳೆಯನ ಅಪ್ಪನಿಗೆ ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ಕೇರಳದವನ ಟೀ ಅಂಗಡಿಯ ಪಕ್ಕ, ಒಂದು ಪ್ರೆಸ್ಸಿತ್ತು. ಕಾಲಲ್ಲಿ ತುಳಿಯುವ ಒಂದು ಯಂತ್ರ, ಗೂಡುಗಳಲ್ಲಿ ಸೀಸದ ಅಚ್ಚುಮೊಳೆಗಳು. ಅಲ್ಲಿ ಅಚ್ಚಾಗುತ್ತಿದ್ದುದು ಲಗ್ನಪತ್ರಿಕೆ, ಬಿಟ್ಟರೆ ತಿಥಿಯ ಕಾರ್ಡು. ಮದುವೆಗಳಿಲ್ಲದ ಆಷಾಢದಲ್ಲಿ ಮಾತ್ರ ಯಂತ್ರ ಖಾಲಿ. ಹಾಗಾಗಿ ನಮ್ಮದು ವಾರ್ಷಿಕ ಪತ್ರಿಕೆಯಾಯಿತು. ಮನುಷ್ಯಕುಲದ ಭವಿಷ್ಯವನ್ನೆಲ್ಲ ನಾವು ಆಷಾಢದಲ್ಲೇ ಮುಗಿಸಬೇಕಿತ್ತು.

ಎರಡು ಆಷಾಢ ಹೀಗೆ ಕಳೆಯಿತು. ಓದಿದೆ ಎಂದವರು ಒಬ್ಬರೂ ಇಲ್ಲ. ಮೂರನೆಯ ಸಲ ಹಸ್ತಪ್ರತಿ ಹಿಡಿದು ಹೋದಾಗ ಗೆಳೆಯನ ಅಪ್ಪ ಕನ್ನಡಕದ ಮೇಲಿಂದ ನೋಡಿದರು.

"ಏನ್ಲಾ, ಲಗ್ನಪತ್ರಿಕೆ ಅಚ್ಚಾಕುದ್ರೆ ಜನ ಬಂದು ಊಟನಾದ್ರೂ ಮಾಡ್ಕಂಡ್ ಓಯ್ತರೆ. ನಿಮ್ಮದ ಒಂದ್ ನಾಯಾದ್ರೂ ಮೂಸ್ತಾ?"

"ಇದು ನಿಧಾನಕ್ಕೆ ಅರ್ಥ ಆಗೋ ಸಾಹಿತ್ಯ ಕಣಪ್ಪ," ಎಂದ ಗೆಳೆಯ.

"ನಿನ್ ಮಾರ್ಕ್ಸ್‌ಕಾರ್ಡೂ ಅಂಗೇ ಇತ್ತು ಬುಡು." ಆಮೇಲೆ ನನ್ನ ಕಡೆ ತಿರುಗಿದರು. "ನೋಡಪ್ಪ, ಇದೇ ಕೊನೆ. ನಿಮ್ಮ ನೆಂಟನಲ್ದೆ ಇರೋ ಒಬ್ಬ ಮನ್ಸ ಇಲ್ಲಿಗೆ ಬಂದು, ಕೊನೇಗಂಟ ಓದ್ದೆ ಅನ್ಲಿ. ಮುಂದ್ಲೊರ್ಸನೂ ಆಕ್ಕೊಡ್ತೀನಿ. ಇಲ್ದಿದ್ರೆ ಆಸಾಡ್ದಲ್ಲಿ ಮಿಸನ್ನಿಗೆ ಎಣ್ಣೆ ಬುಟ್ಟು ನಾನೂ ಮನೀಕತೀನಿ."

ಒಬ್ಬನೇ ಒಬ್ಬ ಓದುಗ. ಅವನು ಸಿಗದಿದ್ದರೆ ಪತ್ರಿಕೆ ಮುಗಿಯಿತು. ನಾನು ಊಟ ಬಿಟ್ಟೆ. ಅಂದರೆ ಮಜ್ಜಿಗೆ ಅನ್ನ ಬಿಟ್ಟೆ, ಮುದ್ದೆ ಸಾರು ಬಿಡಲಾಗಲಿಲ್ಲ.

ಆ ಸಂಚಿಕೆಯ ತುಂಬ ನನ್ನದೇ ಒಂದು ಕಥೆ. ನಮ್ಮ ಸೀಮೆಯ ರೈತನೊಬ್ಬ ಮಂಗಳ ಗ್ರಹಕ್ಕೆ ಹೋಗಿಬರುವುದು. ಹೇಗೆ ಹೋದ, ಹೇಗೆ ಬಂದ ಎಂಬುದರಲ್ಲಿ ತಪ್ಪು ಕಂಡುಹಿಡಿಯಬಾರದೆಂದು ವೇಗ, ದೂರ, ಇಂಧನ, ಒತ್ತಡ ಎಲ್ಲವನ್ನೂ ಲೆಕ್ಕ ಹಾಕಿ ತುಂಬಿದ್ದೆ. ಗೆಳೆಯ ಓದಿ, "ಇದ್ಯಾಕ್ಲಾ ಪರೀಕ್ಷೆ ಬರ್ದಂಗ್ ಬರ್ದಿದ್ದೀಯ?" ಎಂದಿದ್ದ. ವಿಮರ್ಶಕರಿಗೆ ಸ್ನೇಹ ಗೊತ್ತಿಲ್ಲ ಎಂದುಕೊಂಡೆ.

ಮುಖಪುಟಕ್ಕೆ ರಾಕೆಟ್ಟು ಬೇಕಿತ್ತು. ಪ್ರೆಸ್ಸಿನಲ್ಲಿದ್ದ ಚಿತ್ರದ ಬ್ಲಾಕುಗಳೆಂದರೆ ಗಣಪತಿ, ಬಾಳೆಕಂದು, ಕಳಶ, ಓಲಗ. ಗೆಳೆಯ ಓಲಗದ ಬ್ಲಾಕನ್ನು ನೆಟ್ಟಗೆ ನಿಲ್ಲಿಸಿದ. ಉದ್ದನೆಯ ಕೊಳವೆ, ಕೆಳಗೆ ಅರಳಿದ ಬಾಯಿ. ಕಣ್ಣು ಸ್ವಲ್ಪ ಕಿರಿದು ಮಾಡಿಕೊಂಡರೆ ರಾಕೆಟ್ಟೇ. ತೂತುಗಳನ್ನು ಕಿಟಕಿಗಳೆಂದುಕೊಂಡೆವು.

ದೊಡ್ಡ ಹಾಳೆಯೊಂದನ್ನು ಎರಡು ಸಲ ಮಡಿಸಿದರೆ ಎಂಟು ಪುಟ. ಮಡಿಸಿದ ಮೇಲೆ ಮೇಲಿನ ಅಂಚು ಕತ್ತರಿಸಬೇಕು, ಇಲ್ಲದಿದ್ದರೆ ಎರಡು-ಮೂರನೆಯ ಪುಟಗಳೂ ಆರು-ಏಳನೆಯ ಪುಟಗಳೂ ಜೋಡಿಜೋಡಿಯಾಗಿ ಮಡಿಕೆಯೊಳಗೆ ಮುಚ್ಚಿಕೊಂಡಿರುತ್ತವೆ. ಕತ್ತರಿಸುವ ಯಂತ್ರದ ಅಲಗು ಒಂದಿಷ್ಟು ಓರೆ. ಪ್ರತಿ ಪುಟದ ಮೊದಲ ಸಾಲು ಹಾರಿಹೋದರೆ ಏನು ಗತಿ? "ಕತ್ತರಿಸೋದೇ ಬೇಡ," ಎಂದೆ, "ಓದುಗರೇ ಬ್ಲೇಡಿನಲ್ಲಿ ಬಿಡಿಸಿಕೊಳ್ಳಲಿ. ಹಾಗಂತ ಒಂದು ಸೂಚನೆ ಹಾಕೋಣ." ಸೂಚನೆ ಬರೆದು, ಮೊಳೆ ಜೋಡಿಸುವಾಗ ಪಕ್ಕದಲ್ಲೇ ನಿಂತು ಒಂದೊಂದು ಅಕ್ಷರವನ್ನೂ ತಿದ್ದಿಸಿದೆ.

ಕಟ್ಟು ಹೊರಡುವ ಹೊತ್ತಿಗೆ ಗೆಳೆಯನ ಅವ್ವ ಬಟ್ಟಲು ಹಿಡಿದು ಬಂದರು. ಆ ಪ್ರೆಸ್ಸಿನಿಂದ ಹೊರಡುವ ಶುಭದ ಕಾಗದಕ್ಕೆಲ್ಲ ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದು ಅವರ ಪದ್ಧತಿ.

"ಅವ್ವಾ, ಇದು ವಿಜ್ಞಾನದ ಪತ್ರಿಕೆ ಕಣವ್ವ," ಎಂದು ಗೆಳೆಯ ಅಡ್ಡ ಬಂದ.

"ಓಲಗದ್ ಚಿತ್ರ ಇಟ್ಕಂಡು ಬರೀ ಮೂಲೇಲಿ ಕಳುಸ್ತಾರೇನ್ಲಾ? ತಿಥಿ ಕಾರ್ಡಾ ಇದು?" ಎನ್ನುತ್ತ ಅವರು ಅಷ್ಟೂ ಪ್ರತಿಗಳಿಗೆ ಹಚ್ಚಿ ಮುಗಿಸಿದರು. ಅದು ರಾಕೆಟ್ಟು ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಚಂದಕವಾಡಿ, ಉಮ್ಮತ್ತೂರು, ಉಡಿಗಾಲದ ಬಸ್ಸುಗಳಲ್ಲಿ ಕೂತವರಿಗೆ ಕಿಟಕಿಯಲ್ಲಿ ಕೈ ಹಾಕಿ ಪ್ರತಿ ಹಂಚಿದೆ. ಎಲ್ಲರೂ ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೊತ್ತಿಕೊಂಡರು. ಸಾಹಿತ್ಯಕ್ಕೆ ಇಷ್ಟು ಮರ್ಯಾದೆ ಇರುವ ಸೀಮೆ ಬೇರೊಂದಿಲ್ಲ ಎಂದುಕೊಂಡು ಮುಂದಿನ ಕಿಟಕಿಗೆ ಹೋದೆ. ಒಬ್ಬರು ಮಾತ್ರ, "ಹುಡ್ಗಿ ಯಾವೂರು?" ಎಂದು ಕೇಳಿದರು.

ಆಷಾಢ ಮುಗಿಯಿತು, ಯಾರೂ ಬರಲಿಲ್ಲ. ಶ್ರಾವಣದ ಮೊದಲ ಭಾನುವಾರ, ಪತ್ರಿಕೆಯ ತಿಥಿ ಮಾಡಿದಂತೆ ಆಗಲಿ ಎಂದು ನಾನೇ ಗುಂಡ್ಲುಪೇಟೆಗೆ ಹೋದೆ. ಪ್ರೆಸ್ಸಿನಲ್ಲಿ ಉಡಿಗಾಲದ ಅರಿಶಿನ ಬೆಳೆಯುವ ಯಜಮಾನರೊಬ್ಬರು ಮಗಳ ಮದುವೆಯ ಪತ್ರಿಕೆಗೆಂದು ಬಂದು ಕೂತಿದ್ದರು. ಜೇಬಿನಿಂದ ನಮ್ಮ ಸಂಚಿಕೆ ತೆಗೆದು, ಅದರ ಹಿಂದಿದ್ದ ಪ್ರೆಸ್ಸಿನ ಹೆಸರನ್ನು ಬೆರಳಿಟ್ಟು ತೋರಿಸಿದರು.

"ಇದ ನೋಡೇ ಬಂದಿದ್ದು ಸಾ. ಅಚ್ಚು ಲಾಯಕ್ಕಾಗದೆ. ಕತೆನೂ ಚೆಂದಾಗದೆ ಬುಡಿ."

ಗೆಳೆಯನ ಅಪ್ಪ ಪೆನ್ನು ಕೆಳಗಿಟ್ಟರು. "ಓದುದ್ರಾ? ಕೊನೇಗಂಟ?"

"ಕೊನೇಗಂಟ. ಎಲ್ಡ್ ಸಲ."

ಗೆಳೆಯನ ಅಪ್ಪ ಅಷ್ಟಕ್ಕೇ ಬಿಡಲಿಲ್ಲ.

"ಏನದೆ ಏಳಿ ಮತ್ತೆ ಕತೇಲಿ?"

"ಒಬ್ಬ ಕೆಮ್ಮಣ್ಣಲ್ಲಿ ನಿಂತವ್ನೆ. ನೀರಿಲ್ಲ. ಬೋರ್ ಕೊರುದ್ರೂ ಬರೀ ಧೂಳು. ಪುಟ ತಿರುವುದ್ರೆ ಮನೇಲಿ ಕುಂತು ಉಣ್ತಾ ಅವ್ನೆ, ಎಡ್ತಿ ಎಲ್ಲೋಗಿದ್ದೆ ಅಂತ ಬೈತಾವಳೆ. ಎಂಗೋದ, ಎಂಗ್ ಬಂದ ಅಂತ ಒಂದ್ ಮಾತಿಲ್ಲ. ಬರ್ದೋನು ಬುದ್ವಂತ ಕಣ ಸಾ, ಸುಮ್ ಸುಮ್ಕೆ ಕುಯ್ದಿಲ್ಲ."

ಗೆಳೆಯನ ಅಪ್ಪ ಆ ಪ್ರತಿಯನ್ನು ಈಸಿಕೊಂಡರು. ಮುಚ್ಚಿದ ಮಡಿಕೆಯೊಳಗೆ ಬೆರಳು ತೂರಿಸಿ ಇಣುಕಿದರು. ಹೋದದ್ದರ ಲೆಕ್ಕವೂ ಬಂದದ್ದರ ಲೆಕ್ಕವೂ ಒಳಗೆ ಭದ್ರವಾಗಿ ಕೂತಿದ್ದವು.

"ಒಳಗೂ ಏನೋ ಅದೆ ಅನ್ಸುತ್ತೆ. ಬ್ಲೇಡಲ್ಲಿ ಬುಡುಸ್ಕಬೇಕಿತ್ತೇನೋ," ಎಂದರು, ನನ್ನನ್ನು ನೋಡದೆ.

"ಬುಡ್ತು ಅನ್ನಿ ಸಾ! ಅರಿಸ್ನ ಕುಂಕುಮ ಹಚ್ಚಿರೋ ಕಾಗ್ದಕ್ಕೆ ಯಾರಾದ್ರೂ ಬ್ಲೇಡ್ ಆಕ್ತಾರಾ? ದೇವ್ರ ಗೂಡಲ್ಲಿ ಇಟ್ಟು, ಬೇಕಂದಾಗ ತಗುದು ಓದ್ತೀವಿ."

ಗೆಳೆಯನ ಅಪ್ಪ ಬಹಳ ಹೊತ್ತು ಕೆಮ್ಮಿದರು. ಆಮೇಲೆ ನನಗೆ ಹೇಳಿದರು: "ಕೊಟ್ ಮಾತು ಕೊಟ್ಟಂಗೆ. ಮುಂದ್ಲೊರ್ಸ ತಕಂಡ್ ಬಾ. ಆದ್ರೆ ಅಂಚು ಮಾತ್ರ ಕತ್ತರಸ್ಬೇಡ ಕಣಪ್ಪ."

ಪತ್ರಿಕೆ ಉಳಿಯಿತು. ಆ ಯಜಮಾನರು ಇಲ್ಲದಿದ್ದರೆ ಮುಂದಿನ ಸಂಚಿಕೆಗಳಿಲ್ಲ. ನನ್ನ ವಿಜ್ಞಾನವನ್ನು ಅವರು ಓದಿದ್ದರೆ ಆ ಯಜಮಾನರೂ ಇರುತ್ತಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಒಂದು ಪ್ರತಿಯ ಅಂಚನ್ನು ನಾನೇ ಬೆರಳಿನಿಂದ ಹರಿದು ನೋಡಿದೆ. ಅಚ್ಚಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಓದುವ ಮುನ್ನ ಪುಟಗಳನ್ನು ಬ್ಲೇಡಿನಿಂದ ಬಿಡಿಸಿಕೊಳ್ಳಿ ಎಂಬ ಸೂಚನೆಯೂ ದಪ್ಪ ಅಕ್ಷರದಲ್ಲಿ, ಸ್ಪಷ್ಟವಾಗಿ, ಎರಡನೆಯ ಪುಟದಲ್ಲಿತ್ತು.