ಒಳಗೆ ಬಿಟ್ಟ ಬಟ್ಟೆ

ಟೈಲರಜ್ಜಿ ಹೊಲಿದ ಬಟ್ಟೆ ಹರಿದರೂ ಹರಿದೀತು, ಬಿಗಿಯಾಗುವ ಮಾತೇ ಇಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅದರಲ್ಲಿ ಮಂತ್ರವೂ ಇರಲಿಲ್ಲ, ಮಾಯವೂ ಇರಲಿಲ್ಲ. ಬೇರೆಯವರು ಪಕ್ಕದ ಹೊಲಿಗೆಯ ಒಳಗೆ ಅರ್ಧ ಬೆರಳಗಲ ಬಟ್ಟೆ ಬಿಟ್ಟರೆ ಈಕೆ ಧಾರಾಳವಾಗಿ ಎರಡು ಬೆರಳಗಲ ಬಿಡುತ್ತಿದ್ದಳು. "ಮನುಷ್ಯ ಅಂದ್ಮೇಲೆ ದಪ್ಪ ಆಗ್ತಾನೆ, ಸಣ್ಣ ಆಗ್ತಾನೆ. ಬಟ್ಟೆ ಯಾಕೆ ಹಟ ಮಾಡ್ಬೇಕು?" ಎನ್ನುವುದು ಅವಳ ವಾದ. ಬಿಗಿಯಾಯಿತು ಎಂದು ಯಾರಾದರೂ ಬಂದರೆ ಹಳೆಯ ಹೊಲಿಗೆ ಬಿಚ್ಚಿ, ಒಳಗಿನ ಬಟ್ಟೆಯನ್ನು ಹೊರಗೆ ತಂದು, ಅವರು ನಿಂತಲ್ಲೇ ನಿಂತು ನಾಲ್ಕು ಮಾತಾಡುವಷ್ಟರಲ್ಲಿ ಸರಿಮಾಡಿ ಕೊಡುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷಿನ್ನು, ಬಾಗಿಲ ಹಿಂದೆ ಆಳೆತ್ತರದ ಕನ್ನಡಿ, ಮೊಳೆಗಳಲ್ಲಿ ತೋಳಿಗಾಗಿ ಕಾದು ನೇತಾಡುವ ಅಂಗಿಗಳು. ಮಿಷಿನ್ನಿನ ಪಕ್ಕದಲ್ಲಿ ಒಂದು ಡಬ್ಬ. ಬೇರೆ ಮನೆಗಳಲ್ಲಿ ಬಿಸ್ಕೆಟ್ ಡಬ್ಬ ತೆರೆದರೆ ಸೂಜಿ ದಾರ ಸಿಗುತ್ತದೆ, ಈ ಮನೆಯಲ್ಲಿ ದಾರದ ಡಬ್ಬ ತೆರೆದರೆ ಬಿಸ್ಕೆಟ್ ಸಿಗುತ್ತಿತ್ತು. ಸಕ್ಕರೆ ಕಾಯಿಲೆಯ ಅಜ್ಜಿಗೆ ಅದು ವಿಷ. ಎಲ್ಲವೂ ಮೊಮ್ಮಗಳಿಗೆ.

ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಯವರು ಪ್ರೀತಿಯಿಂದ ಗುಂಡಮ್ಮ ಎನ್ನುತ್ತಿದ್ದರು. ಶಾಲೆಯಲ್ಲೂ ಅದೇ ಹೆಸರು, ಪ್ರೀತಿ ಮಾತ್ರ ಇರಲಿಲ್ಲ. ಅವಳ ಅಪ್ಪ, ಅಂದರೆ ಅಜ್ಜಿಯ ಮಗ, ಅಂಗಡಿಗಳಿಗೆ ಚಿಪ್ಸು, ಜ್ಯೂಸು ಹಂಚುವ ವ್ಯಾನಿನ ಡ್ರೈವರ್. ಮೂಲೆ ಜಜ್ಜಿದ ಡಬ್ಬ, ಗಾಳಿ ಹೋದ ಪೊಟ್ಟಣಗಳನ್ನು ಅಂಗಡಿಯವರು ವಾಪಸ್ ಮಾಡಿದರೆ ಅವೆಲ್ಲ ನೇರ ಮನೆಗೆ ಬರುತ್ತಿದ್ದವು. ಅಮ್ಮ ದೊಡ್ಡ ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಕಂಡವರ ಕಾಲಿಗೆ ಚಪ್ಪಲಿ ಹಾಕಿ ತೆಗೆದು ಸುಸ್ತಾಗಿ, ಊರೆಲ್ಲ ಉಂಡ ಮೇಲೆ ಬರುವವಳು. ಮಗುವಿನ ಜೊತೆ ಇರಲಾಗಲಿಲ್ಲವಲ್ಲ ಎಂಬ ಸಂಕಟಕ್ಕೆ ದಾರಿಯಲ್ಲಿ ಒಂದು ಐಸ್‌ಕ್ರೀಮ್ ಕೊಳ್ಳುತ್ತಿದ್ದಳು. ಬೀದಿಯಲ್ಲಿ ವಾಹನಗಳ ಕಾಟ, ಆಚೆ ಆಡಲು ಹೋಗಬಾರದು ಎಂಬ ಆಜ್ಞೆಯೂ ಅವಳದೇ. ಹಾಗಾಗಿ ಶಾಲೆ ಬಿಟ್ಟ ಮೇಲೆ ಮಗುವಿಗೆ ಉಳಿದದ್ದು ಒಂದು ಫೋನು, ಒಂದು ಚಾಪೆ.

ಯಾರನ್ನು ಬೈಯುವುದು? ಅಜ್ಜಿಯ ಕಥೆ ಕೇಳಿದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಗ ಚಿಕ್ಕವನಾಗಿದ್ದಾಗ ಕಡ್ಡಿಯಂತಿದ್ದ. ಕಂಡಕಂಡವರೆಲ್ಲ "ಏನಮ್ಮಾ, ಮಗೂಗೆ ಹೊಟ್ಟೆಗೆ ಹಾಕಲ್ವಾ?" ಎಂದು ಕೇಳಿ ಹೊಟ್ಟೆ ಉರಿಸುತ್ತಿದ್ದರು. ಹಾಕುವುದಕ್ಕೆ ಇರಲಿಲ್ಲ, ಅಷ್ಟೇ. ಈಗ ಅದೇ ಬೀದಿಯಲ್ಲಿ ಮೊಮ್ಮಗಳ ಕೆನ್ನೆ ಹಿಂಡಿ ಯಾರಾದರೂ "ಚೆನ್ನಾಗಿ ಸಾಕಿದೀರ" ಎಂದರೆ ಅಜ್ಜಿಗೆ ಯಾರೋ ಶಾಲು ಹೊದಿಸಿದ ಹಾಗಾಗುತ್ತಿತ್ತು.

ಇಂಥ ಅಜ್ಜಿಯ ಕೈಯಲ್ಲಿ ಮಗುವಿನ ಯೂನಿಫಾರ್ಮು. ವಾರಕ್ಕೊಮ್ಮೆ ಒಗೆದು ಇಸ್ತ್ರಿಗೆ ತೆಗೆದುಕೊಂಡಾಗ ಪಕ್ಕದ ಹೊಲಿಗೆ ಎಳೆದುಕೊಂಡಿದ್ದು ಅವಳ ಕಣ್ಣಿಗೆ ಬೀಳುತ್ತಿತ್ತು. ಅಲ್ಲೇ ಬ್ಲೇಡು ತೆಗೆದು ಬಿಚ್ಚಿ, ಒಂದಿಷ್ಟು ಸಡಿಲಿಸಿ, ಮತ್ತೆ ಹೊಲಿದು ಮಡಿಸಿಡುತ್ತಿದ್ದಳು. ಒಳಗಿನ ಬಟ್ಟೆ ಮುಗಿದಾಗ ಅದೇ ಬಣ್ಣದ ಪಟ್ಟಿ ಸೇರಿಸುತ್ತಿದ್ದಳು. ಯಾರಿಗಾದರೂ ಹೇಳುವಂಥ ಘನಂದಾರಿ ಕೆಲಸವೇ ಅದು? ಹೀಗೆ ಆ ಮನೆಯಲ್ಲಿ ಒಂದು ಗುಂಡಿಯೂ ಕಿತ್ತು ಬೀಳಲಿಲ್ಲ, ಒಂದು ಹುಕ್ಕೂ ಮುರಿಯಲಿಲ್ಲ. ಮಗು ದಪ್ಪವಾಗುತ್ತಿದೆ ಎಂದು ಬಟ್ಟೆಯಾದರೂ ಕೂಗಿ ಹೇಳಬೇಕಿತ್ತು. ಅದರ ಬಾಯಿಯನ್ನು ಅಜ್ಜಿಯೇ ಹೊಲಿದುಬಿಟ್ಟಿದ್ದಳು.

ಕೊನೆಗೆ ಕೂಗಿದ್ದು ಬೇರೆ ಬಟ್ಟೆ. ಆ ವರ್ಷ ಶಾಲೆಯವರು ರೆಡಿಮೇಡ್ ಯೂನಿಫಾರ್ಮ್ ತರಿಸಿದರು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ವಯಸ್ಸು ಕೇಳಿ ಕೊಡುತ್ತಿದ್ದರು. ಒಂಬತ್ತು ವರ್ಷದವರ ಅಳತೆ ಇವಳ ತೋಳಿಗೇ ಹತ್ತಲಿಲ್ಲ. ಹತ್ತರದೂ ಆಗಲಿಲ್ಲ, ಹನ್ನೆರಡರದೂ ಆಗಲಿಲ್ಲ. ಹದಿನಾಲ್ಕರದ್ದು ಸೊಂಟಕ್ಕೆ ಕೂತಿತು, ಆದರೆ ಪಾದದವರೆಗೆ ಜೋತುಬಿತ್ತು. ಹಿಂದಿನಿಂದ ಯಾರೋ ನಕ್ಕರು. ಮಗು ಮನೆಗೆ ಬಂದು ಕನ್ನಡಿಯ ಮೇಲೆ ಬಟ್ಟೆ ಎಳೆದು ಮುಚ್ಚಿ, ಮೂಲೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು.

ಅಜ್ಜಿಗೆ ಕೆಂಡದಂಥ ಕೋಪ ಬಂತು. "ಆ ಕಂಪನಿಯವರಿಗೆ ಅಳತೆ ಅಂದ್ರೇನು ಅಂತ ಗೊತ್ತಾ? ಬಾ ಪುಟ್ಟಿ, ನಾನು ಹೊಲಿದುಕೊಡ್ತೀನಿ, ರಾಣಿ ಥರ ಕಾಣ್ತೀಯ" ಎಂದು ಟೇಪು ತೆಗೆದಳು. ಎಷ್ಟೋ ಕಾಲದಿಂದ ಮೊಮ್ಮಗಳಿಗೆ ಟೇಪು ಹಿಡಿದೇ ಇರಲಿಲ್ಲ, ಎಲ್ಲ ಕಣ್ಣಳತೆಯಲ್ಲೇ ನಡೆದಿತ್ತು. ಸೊಂಟಕ್ಕೆ ಸುತ್ತಿ ಅಂಕಿ ನೋಡಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಅದು ಅವಳ ಸೊಸೆಯ ಅಳತೆ. ಟೇಪನ್ನು ಮೇಲಕ್ಕೆ ತಂದು ಕತ್ತಿನ ಹಿಂದೆ ಹಿಡಿದಾಗ ಕಪ್ಪುಪಟ್ಟಿ ಕಾಣಿಸಿತು.

"ಇದೇನೇ, ಸ್ನಾನ ಸರಿಯಾಗಿ ಮಾಡಲ್ವಾ?"

"ಅಮ್ಮ ದಿನಾ ಉಜ್ತಾಳೆ ಅಜ್ಜಿ. ಉರಿಯೋವರೆಗೂ ಉಜ್ತಾಳೆ. ಹೋಗೋದೇ ಇಲ್ಲ."

ಅಜ್ಜಿ ಟೇಪು ಸುತ್ತಿ ಕೆಳಗಿಟ್ಟಳು. ಅಂಥದೇ ಕಪ್ಪು, ಕಾಯಿಲೆ ಗೊತ್ತಾಗುವುದಕ್ಕೆ ಮೊದಲು, ತನ್ನ ಕತ್ತಿಗೂ ಬಂದಿತ್ತು.

ಮರುದಿನ ಮಗ ವ್ಯಾನು ನಿಲ್ಲಿಸಿ, ಸೊಸೆ ರಜೆ ಹಾಕಿ, ಮನೆ ಮಂದಿಯೆಲ್ಲ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ತೂಕ ನೋಡಿದರು, ರಕ್ತ ತೆಗೆಸಿದರು. ರಿಪೋರ್ಟು ಬಂದ ಮೇಲೆ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: "ಕತ್ತಿನ ಮೇಲಿರೋದು ಕೊಳೆ ಅಲ್ಲ, ಉಜ್ಜೋದು ನಿಲ್ಸಿ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಆದ್ರೆ ಬಾಗಿಲಲ್ಲಿ ನಿಂತಿದೆ."

ಅಜ್ಜಿಗೆ ತನ್ನ ಹೊಟ್ಟೆಯ ಮೇಲಿನ ಇನ್ಸುಲಿನ್ ಸೂಜಿಯ ಗುರುತುಗಳು ನೆನಪಾದವು. ಮಗುವಿನ ಮೆತ್ತನೆಯ ಹೊಟ್ಟೆಯ ಮೇಲೆ ಅವನ್ನು ಊಹಿಸಿಕೊಳ್ಳಲಾಗದೆ ಕಣ್ಣು ಮುಚ್ಚಿಕೊಂಡಳು.

"ರಾತ್ರಿ ಊಟ ಎಷ್ಟು ಹೊತ್ತಿಗೆ ಮಾಡ್ತಾಳೆ?" ಡಾಕ್ಟರಮ್ಮ ಕೇಳಿದರು.

"ಏಳಕ್ಕೆ. ನಾನೇ ಬಡಿಸಿ ಮಲಕ್ಕೋತೀನಿ" ಎಂದಳು ಅಜ್ಜಿ.

"ಏಳಕ್ಕೆಲ್ಲಿ ಅಮ್ಮ? ಎಂಟೂವರೆಗೆ, ನಾನು ಮಲಗೋ ಮುಂಚೆ, ನನ್ ಜೊತೆ" ಎಂದ ಮಗ.

"ಅಯ್ಯೋ, ಹತ್ತಕ್ಕಲ್ವಾ? ನಾನು ಬಂದ್ಮೇಲೆ ಒಟ್ಟಿಗೇ ತಿಂತೀವಲ್ಲ" ಎಂದಳು ಸೊಸೆ.

ಮೂವರೂ ಮುಖ ಮುಖ ನೋಡಿಕೊಂಡರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮಗುವಿನ ಕಡೆ ತಿರುಗಿದರು. "ಮೂರು ಸಲ ಊಟ ಮಾಡುವಷ್ಟು ಹಸಿವಾಗುತ್ತಾ ಪುಟ್ಟಾ?"

ಮಗು ತಲೆ ತಗ್ಗಿಸಿತು. "ಹಸಿವಾಗಲ್ಲ. ಅಪ್ಪ ಒಬ್ರೇ ತಿಂತಿರ್ತಾರೆ. ಅಮ್ಮನೂ ಒಬ್ಳೇ ತಿಂತಿರ್ತಾಳೆ. ಸುಮ್ನೆ ಕೂತ್ರೆ ಹೋಗಿ ಮಲಕ್ಕೋ ಅಂತಾರೆ. ತಟ್ಟೆ ಇಟ್ಕೊಂಡ್ರೆ ಏನೂ ಅನ್ನಲ್ಲ."

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಗ ಗೋಡೆ ನೋಡತೊಡಗಿದ. ಇಷ್ಟು ದಿನ ಮೂವರೂ ಮಗುವಿನ ಹೊಟ್ಟೆಯೊಂದನ್ನೇ ನೋಡಿದ್ದರು, ಅದು ಬಯಸಿದ್ದು ಪಕ್ಕದಲ್ಲೊಂದು ಜಾಗ.

ಡಾಕ್ಟರಮ್ಮನ ಮಾತು ಸರಳವಾಗಿತ್ತು. "ಉಪವಾಸ ಹಾಕ್ಬೇಡಿ, ಬೈಬೇಡಿ, ಇವಳಿಗೊಬ್ಬಳಿಗೇ ಬೇರೆ ಅಡುಗೆ ಮಾಡ್ಬೇಡಿ. ಎಲ್ಲರೂ ಒಂದೇ ಊಟ, ಒಂದೇ ಸಲ. ಮೈ ಬೆವರೋ ಹಾಗೆ ದಿನಾ ಓಡಾಡ್ಲಿ. ಬೆಳೆಯೋ ಮಗು, ಇಳಿಸೋ ಗಡಿಬಿಡಿ ಬೇಡ. ತೂಕ ನಿಂತಲ್ಲಿ ನಿಲ್ಲಲಿ, ಎತ್ತರ ಹೋಗಲಿ. ಆಗಾಗ ತೋರಿಸ್ತಾ ಇರಿ. ವರ್ಷ ಕಳೆದ್ಮೇಲೆ ರಕ್ತ ನೋಡೋಣ."

ಮನೆಗೆ ಬಂದ ಮೇಲೆ ಒಂದು ಮಹಾಯುದ್ಧ ಆಯಿತೆನ್ನಿ. "ನಿಮ್ಮ ಬಿಸ್ಕೆಟ್ಟೇ ಕಾರಣ ಅತ್ತೆ" ಎಂದಳು ಸೊಸೆ. "ನಿನ್ನ ಐಸ್‌ಕ್ರೀಮ್ ಏನು ಗಾಳಿಯಾ?" ಎಂದಳು ಅತ್ತೆ. "ಊರ ಮಕ್ಕಳಿಗೆಲ್ಲ ಹಂಚೋನು ನನ್ನ ಮಗಳಿಗೆ ಬೇಡ ಅನ್ನಕ್ಕಾಗುತ್ತಾ?" ಎಂದು ಮಗ ರೇಗಿದ. ರೇಗಿದವನಿಗೆ ತಾನಾಡಿದ್ದು ತನ್ನ ಕಿವಿಗೇ ಬಿತ್ತು. ಸ್ವಲ್ಪ ಹೊತ್ತಿಗೆ ವ್ಯಾನಿನಿಂದ ಜಜ್ಜಿದ ಡಬ್ಬಗಳನ್ನೆಲ್ಲ ತಂದು, ಚರಂಡಿಗೆ ಸುರಿದ.

ಅಜ್ಜಿ ಯೂನಿಫಾರ್ಮಿನ ಬಟ್ಟೆ ಹರಡಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಕೈ ಅಭ್ಯಾಸದಂತೆ ಪಕ್ಕದಲ್ಲಿ ಎರಡು ಬೆರಳು ಜಾಗ ಬಿಟ್ಟು ಕತ್ತರಿ ಹಿಡಿಯಿತು. ಕತ್ತರಿ ಅಲ್ಲೇ ನಿಂತಿತು. ಜಾಗ ಬಿಟ್ಟರೆ ತಾನು ಬಿಚ್ಚಿಯೇ ಬಿಚ್ಚುತ್ತೇನೆ, ಯಾರಿಗೂ ಹೇಳದೆ ಬಿಚ್ಚುತ್ತೇನೆ, ತನ್ನ ಕೈಬುದ್ಧಿ ತನಗೆ ಗೊತ್ತಿಲ್ಲವೇ? ಗೆರೆ ಅಳಿಸಿದಳು. ಸುಖವಾಗಿ ಕೂರುವಷ್ಟು ಸಡಿಲ ಇಟ್ಟು, ಒಳಗೆ ಹೊಲಿಗೆ ನಿಲ್ಲುವಷ್ಟೇ ಬಟ್ಟೆ ಬಿಟ್ಟು ಕತ್ತರಿಸಿದಳು. ಉಳಿದ ಬಟ್ಟೆಯನ್ನೆಲ್ಲ ಉದ್ದಕ್ಕೆ ಬಿಟ್ಟು, ಕೆಳಗಿನ ಅಂಚಿನಲ್ಲಿ ಅಂಗೈಯಗಲದ ಮಡಿಕೆ ಹೊಲಿದಳು.

ಆಮೇಲಿನ ವರ್ಷ ಹೂವಿನ ಹಾಸಿಗೆಯಾಗಿರಲಿಲ್ಲ. ಸೊಸೆ ಯಜಮಾನರ ಹತ್ತಿರ ಗೋಗರೆದು ಬೆಳಗಿನ ಪಾಳಿ ಹಾಕಿಸಿಕೊಂಡಳು. ಮಗ ಬರುವವರೆಗೆ ಯಾರೂ ತಟ್ಟೆ ಮುಟ್ಟುವಂತಿರಲಿಲ್ಲ, ಅವನು ತಡಮಾಡಿದರೆ ಮೂರು ಹೆಂಗಸರ ಕೈಲಿ ಬೈಸಿಕೊಳ್ಳುತ್ತಿದ್ದ. ದಾರದ ಡಬ್ಬದಲ್ಲಿ ಕೊನೆಗೂ ದಾರ ಬಂತು. ಅಭ್ಯಾಸಬಲದಿಂದ ಅಜ್ಜಿ ಶಾಲೆ ಬಿಡುವ ಹೊತ್ತಿಗೆ ಅದಕ್ಕೆ ಕೈ ಹಾಕಿ ಸೂಜಿ ಚುಚ್ಚಿಸಿಕೊಂಡದ್ದೂ ಉಂಟು. ಒಂದೆರಡು ಸಲ ಮಗುವಿನ ಸಪ್ಪೆ ಮುಖ ನೋಡಲಾರದೆ ಬನ್ನು ತರಿಸಿ ಕೊಟ್ಟು ಸಿಕ್ಕಿಬಿದ್ದದ್ದೂ ಉಂಟು. ಸೊಸೆ ಒಂದು ನೋಟ ನೋಡಿದಳು, ಅಷ್ಟೇ ಸಾಕಾಯಿತು.

ಅಜ್ಜಿ ಹೊಸ ಪದ್ಧತಿಯೊಂದನ್ನು ಶುರು ಮಾಡಿದಳು. ಅಲ್ಲಿಯವರೆಗೆ ಗಿರಾಕಿಗಳೇ ಬಂದು ಬಟ್ಟೆ ಒಯ್ಯುತ್ತಿದ್ದರು. ಈಗ ಸಂಜೆಯಾದರೆ ಅಜ್ಜಿ, ಮೊಮ್ಮಗಳು ಚೀಲ ಹಿಡಿದು ಮನೆಮನೆಗೆ ಹೊರಟರು. ಮೊದಮೊದಲು ಮಗು ಪ್ರತಿ ತಿರುವಿನಲ್ಲೂ ಕೂರುತ್ತಿತ್ತು. ಅಜ್ಜಿಯೇನು ಕಮ್ಮಿ? ಅವಳೂ ಕೂರುತ್ತಿದ್ದಳು. ಮಳೆಗಾಲ ಕಳೆಯುವ ಹೊತ್ತಿಗೆ ಮಗು ಮುಂದೆ ಓಡಿ, ಮಹಡಿ ಹತ್ತಿ ಬಟ್ಟೆ ಕೊಟ್ಟು, ಇಳಿದು ಬಂದು, "ಅಜ್ಜಿ, ಇನ್ನೂ ಅಲ್ಲೇ ಇದೀಯಾ?" ಎಂದು ರೇಗಿಸತೊಡಗಿತು. ದಾರಿಯುದ್ದಕ್ಕೂ ಶಾಲೆಯ ಕಥೆ. ಆ ಮಗು ಅಷ್ಟು ಮಾತಾಡುತ್ತದೆ ಎಂದು ಅಜ್ಜಿಗೆ ಗೊತ್ತೇ ಇರಲಿಲ್ಲ.

ವರ್ಷ ತಿರುಗಿ ರಿಪೋರ್ಟು ತರುವ ದಿನ ಬಂತು. ಬೆಳಗ್ಗೆ ಅಜ್ಜಿ ಮಿಷಿನ್ನಿಗೆ ಎಣ್ಣೆ ಹಾಕುತ್ತಿದ್ದಾಗ ಒಳಗಿನಿಂದ ಕೂಗು ಬಂತು.

"ಅಜ್ಜೀ, ಯೂನಿಫಾರ್ಮ್ ಸಾಲ್ತಾ ಇಲ್ಲ!"

ಅಜ್ಜಿಗೆ ಮೊದಲು ನೆನಪಾದದ್ದು ಸೊಂಟದ ಹೊಲಿಗೆ. ಪಕ್ಕದಲ್ಲಿ ಬಿಚ್ಚಲು ಬಟ್ಟೆಯೂ ಇಲ್ಲ. ಎಣ್ಣೆ ಡಬ್ಬಿ ಕೆಳಗಿಟ್ಟು, "ಎಲ್ಲೇ ಸಾಲಲ್ಲ?" ಎಂದು ಹೇಗೋ ಕೇಳಿದಳು.

ಮೊಮ್ಮಗಳು ಕನ್ನಡಿಯ ಮುಂದೆ ಬಂದು ನಿಂತಳು. "ಇಲ್ಲಿ ನೋಡು" ಎಂದು ಮಂಡಿ ತೋರಿಸಿದಳು. ಸೊಂಟದಲ್ಲಿ ಬಟ್ಟೆ ಹೋದ ವರ್ಷದ ಹಾಗೆಯೇ ಹಗುರವಾಗಿ ಕೂತಿತ್ತು. ಮಂಡಿ ಮುಚ್ಚಬೇಕಾದ ಅಂಚು ಮಂಡಿಯಿಂದ ಎಷ್ಟೋ ಮೇಲಿತ್ತು.

ಅಜ್ಜಿ ನಗಲು ಹೋಗಿ ಅತ್ತಳು. ಅಳುತ್ತಲೇ ಬ್ಲೇಡು ತೆಗೆದು ಕೆಳಗಿನ ಮಡಿಕೆ ಬಿಚ್ಚಿದಳು. ಒಗೆದು ಒಗೆದು ಮಾಸಿದ ನೀಲಿಯ ಕೆಳಗೆ, ಬಿಸಿಲೇ ಕಾಣದ ಗಾಢ ನೀಲಿಯ ಪಟ್ಟಿ ಇಳಿಯಿತು. "ಎರಡು ಬಣ್ಣ ಆಯ್ತಲ್ಲೇ, ಬೇರೆ ಹಾಕ್ಕೊಂಡು ಹೋಗು" ಎಂದರೆ ಮಗು ಕೇಳಲಿಲ್ಲ, ಅದನ್ನೇ ಹಾಕಿಕೊಂಡು ಹೊರಟಿತು.

ಡಾಕ್ಟರಮ್ಮ ರಿಪೋರ್ಟನ್ನು ಎರಡು ಸಲ ಓದಿ, "ಬಾಗಿಲಲ್ಲಿ ನಿಂತಿದ್ದು ಹಿಂದಕ್ಕೆ ಹೋಗಿದೆ. ಹೀಗೇ ನಡೆಸ್ಕೊಂಡು ಹೋಗಿ, ಮತ್ತೆ ಬರದ ಹಾಗೆ ನೋಡ್ಕೊಳ್ಳೋಣ" ಎಂದರು. ಕತ್ತಿನ ಕಪ್ಪು ಪೂರ್ತಿ ಹೋಗಿರಲಿಲ್ಲ, ತಿಳಿಯಾಗಿತ್ತು. ಸೊಸೆ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರಮ್ಮನ ಕಣ್ಣು ಮಗುವಿನ ಬಟ್ಟೆಯ ಅಂಚಿನ ಮೇಲೆ ಬಿತ್ತು.

"ಇದೇನು, ಕೆಳಗೆ ಬೇರೆ ಪಟ್ಟಿ ಹಾಕಿಸಿದೀಯಾ?"

"ಹಾಕಿಸಿದ್ದಲ್ಲ ಡಾಕ್ಟ್ರೇ," ಮಗು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಗಲಿಸಿ ತೋರಿಸಿತು. "ಇದು ನಾನು ಈ ವರ್ಷ ಬೆಳೆದದ್ದು."