ಎಂಜಿನ್ನಿಗೆ ಕಿವಿಗೊಟ್ಟವರು

ಅವರ ಎಡಗಿವಿಯ ಹಾಲೆ ಯಾವಾಗಲೂ ಗ್ರೀಸಿನಿಂದ ಕಪ್ಪಗಿರುತ್ತಿತ್ತು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೆಳುವಾಯಿಯ ಅವರ ಗ್ಯಾರೇಜಿಗೆ ಬಂದವರು ಆ ಹೊತ್ತಿನಲ್ಲಿ ಮಾತಾಡುತ್ತಿರಲಿಲ್ಲ.

ಕೊಲ್ಲಿಯಲ್ಲಿ ಬಹುಕಾಲ ದುಡಿದು ಮರಳಿದ ನಾನು, ಅರವತ್ತು ದಾಟಿದವನು, ಮುಂಬಯಿಯವರೊಬ್ಬರಿಂದ ಹಳೆಯ ಜಪಾನಿ ಸ್ಪೋರ್ಟ್ಸ್ ಕಾರು ಕೊಂಡು ತಂದಿದ್ದೆ. ಅದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರುಗಳು ಒಳಗೆ ಸುತ್ತುತ್ತವೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ. ಸದ್ದು, ಜೇನುಗೂಡಿನ ಪಕ್ಕ ನಿಂತ ಹಾಗೆ. ಇದಕ್ಕೆ ಇನ್ನಷ್ಟು ಶಕ್ತಿ ಬೇಕು ಎಂದೆ.

"ಕೊಡುವ ಮಾರಾಯ್ರೆ, ಗಡಿಬಿಡಿ ಬೇಡ. ಅನ್ನ ಹಾಕದೆ ಕೆಲಸ ಕೇಳಬಾರದು. ಗಾಳಿ ಜಾಸ್ತಿ ಆಗಿ ಪೆಟ್ರೋಲ್ ಸಾಲದಿದ್ರೆ ಒಳಗೆ ಸಿಡಿಯುತ್ತದೆ. ರೋಟರಿನ ಮೂಲೆಯಲ್ಲಿ ಸೀಲ್ ಉಂಟಲ್ಲ, ಅದು ಬಿಸ್ಕೆಟಿನ ಹಾಗೆ ಮುರಿಯುತ್ತದೆ."

ಐದಾರು ತಿಂಗಳು ಕೆಲಸ ನಡೆಯಿತು. ಮೊದಲು ದೊಡ್ಡ ರೇಡಿಯೇಟರ್, ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ಆಮೇಲೆ ಹೆಚ್ಚು ಪೆಟ್ರೋಲ್ ಹಾಯಿಸುವ ಪಂಪು, ಇಂಜೆಕ್ಟರ್. ಸೀಲು ಒಣಗಬಾರದೆಂದು ಪೆಟ್ರೋಲಿನ ಜತೆ ಒಂದಿಷ್ಟು ಆಯಿಲ್. ಗಾಳಿಯ ಒತ್ತಡವನ್ನು, ಅಂದರೆ ಬೂಸ್ಟನ್ನು, ಹೆಚ್ಚಿಸಿದ್ದು ಎಲ್ಲಕ್ಕಿಂತ ಕೊನೆಗೆ, ಕೂದಲೆಳೆಯಷ್ಟು. ಬೆಳಗಿನ ಮಂಜಿನಲ್ಲಿ ಮೂಡುಬಿದಿರೆಯ ಕಡೆ ಓಡಿಸಿ, ಮೀಟರ್ ನೋಡಿ, ಮತ್ತೆ ಕೂದಲೆಳೆಯಷ್ಟು. ಆ ಬೆಳಗುಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ರಸ್ತೆ ಕಾಣುವುದಿಲ್ಲ, ಮರಗಳಿಲ್ಲ. ಬಿಳಿ ಮಂಜು, ಗುಂಯ್ ಎನ್ನುವ ಸದ್ದು, ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತ ಅವರು.

"ಸಾಕು. ಇನ್ನು ಇದನ್ನು ಮುಟ್ಟಬೇಡಿ," ಎಂದು ಒಂದು ದಿನ ಬೂಸ್ಟಿನ ಸ್ಕ್ರೂ ಬಿಗಿದರು.

ಅದಾಗಿ ಒಂದು ಭಾನುವಾರ ಬೆಳ್ತಂಗಡಿಯ ಹೋಟೆಲಿನ ಮುಂದೆ ಚಾ ಕುಡಿಯುತ್ತಿದ್ದೆ. ಬೈಕಿನವನೊಬ್ಬ ಕೇಳಿದ, "ಅಜ್ಜೆರೇ, ಶಬ್ದ ಮಾತ್ರವಾ, ಓಟವೂ ಉಂಟಾ?" ಸುತ್ತಲಿದ್ದವರು ನಕ್ಕರು. ನಾನು ಬಾನೆಟ್ ಎತ್ತಿ ಬೂಸ್ಟಿನ ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿದೆ.

ಚಾರ್ಮಾಡಿ ಘಾಟಿಯ ಮೊದಲ ತಿರುವುಗಳಲ್ಲಿ ಕಾರು ತೇಲಿತು. ನನಗೆ ಮತ್ತೆ ಇಪ್ಪತ್ತು ವರ್ಷವಾಗಿತ್ತು. ಆಮೇಲೆ, ಊಟದ ನಡುವೆ ಕಲ್ಲು ಕಚ್ಚಿದಂಥ ಒಂದು ಸಣ್ಣ ಸದ್ದು. ಅಷ್ಟೇ. ಕಾರನ್ನು ಲಾರಿಯಲ್ಲಿ ಬೆಳುವಾಯಿಗೆ ಸಾಗಿಸುವ ಮೊದಲು ಸ್ಕ್ರೂವನ್ನು ಹಿಂದಿನ ಜಾಗಕ್ಕೇ ತಿರುಗಿಸಿಟ್ಟೆ.

ಅವರು ಎಂಜಿನ್ ಬಿಚ್ಚಿದರು. ಮೂರು ತುಂಡಾದ ಸೀಲನ್ನು ಅಂಗೈಯಲ್ಲಿಟ್ಟುಕೊಂಡು "ಬೂಸ್ಟ್ ಮುಟ್ಟಿದ್ದೀರಾ?" ಎಂದು ಕೇಳಿದರು.

"ಇಲ್ಲ. ನೀವು ಮಾಡಿದ್ದೇ ಸರಿ ಇಲ್ಲ," ಎಂದೆ. ಅಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಎಂದೆ.

ಅವರ ಜತೆ ಕೆಲಸ ಮಾಡುತ್ತಿದ್ದ ಭಾವಮೈದುನ ಸಿಟ್ಟಿನಿಂದ ಎದ್ದ. "ಹಾಗಾದ್ರೆ ದೈವದ ಎದುರು ಹೇಳಲಿ. ಹೋಗುವ, ಈಗಲೇ!"

ಊರಿನ ದೈವದ ಮುಂದೆ ಸುಳ್ಳು ಆಣೆ ಇಟ್ಟರೆ ಅದು ಇಟ್ಟವನನ್ನಷ್ಟೇ ಅಲ್ಲ, ಅವನ ಸಂಸಾರವನ್ನೂ ಬಿಡುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಾನೂ ನಂಬಿದವನೇ. ಆದರೂ "ಹೋಗುವ" ಎಂದು ಚಪ್ಪಲಿ ಮೆಟ್ಟಿದೆ.

ಅವರು ತುಂಬ ಹೊತ್ತು ನನ್ನ ಮುಖ ನೋಡಿದರು. "ಆಣೆ ಎಲ್ಲ ಬೇಡ. ನನ್ನದೇ ಎಲ್ಲೋ ತಪ್ಪಿರಬೇಕು," ಎಂದರು.

ಆ ಮಾತು ಬಂಟ್ವಾಳದವರೆಗೂ ಹೋಯಿತು. ವೇಗದ ಕಾರಿನವರು ಅವರ ಕಡೆ ಬರುವುದನ್ನು ಬಿಟ್ಟರು. ಉಳಿದ ವರ್ಷಗಳನ್ನು ಅವರು ರಿಕ್ಷಾಗಳ ಬ್ರೇಕು ಸರಿಮಾಡುತ್ತ ಕಳೆದರು. ಎದುರು ಸಿಕ್ಕಿದಾಗಲೆಲ್ಲ "ಸೌಖ್ಯವಾ ಮಾರಾಯ್ರೆ?" ಎಂದು ಅವರೇ ಮೊದಲು ಕೇಳುತ್ತಿದ್ದರು.

ಕಳೆದ ವರ್ಷ ತೀರಿಕೊಂಡರು. ಉತ್ತರಕ್ರಿಯೆಯ ಊಟವಾದ ಮೇಲೆ ಭಾವಮೈದುನನನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದೆ. ಆತನಿಗೆ ಆಶ್ಚರ್ಯವಾಗಲಿಲ್ಲ.

"ಭಾವನಿಗೆ ಆವತ್ತೇ ಗೊತ್ತಿತ್ತು. 'ಅವರು ನಿಜವಾಗಿಯೂ ಆಣೆ ಇಡ್ತಿದ್ರು ಮಾರಾಯ, ಅವರ ಮಕ್ಕಳು ಏನು ಪಾಪ ಮಾಡಿದ್ದಾರೆ?' ಅಂತ ನನಗೇ ಬೈದ್ರು. ಈಗ ನನ್ನ ಹತ್ತಿರ ಹೇಳಿ ಏನು ಪ್ರಯೋಜನ? ಊರಿಗೆ ಹೇಳಿ."

ಹೇಳುತ್ತಿದ್ದೇನೆ. ಆ ಎಂಜಿನ್ ಒಡೆದವನು ನಾನು. ಅವರ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ.